ಹೆಪ್ಪುಗಟ್ಟಿದ ಕೆರೆಯಲ್ಲಿ ವಾಲೈ: ಜಿಗ್ಗಿಂಗ್ ಲೂರ್ ಆರಿಸುವುದು, ಕಟ್ಟುವುದು, ಆಡಿಸುವುದು

ಡಿಸೆಂಬರಿನಲ್ಲಿ ಮಿನ್ನೆಸೋಟಾದ ಗಾಳದ ಸಾಮಾನು ಮಾರುವ ಯಾವ ಬೈಟ್ ಅಂಗಡಿಗೆ ಹೋದರೂ ಗೋಡೆ ತುಂಬಾ ಲೂರ್, ಅಂದರೆ ಮೀನನ್ನು ಮರುಳು ಮಾಡಲು ದಾರಕ್ಕೆ ಕಟ್ಟುವ ನಕಲಿ ಎರೆ, ನೇತಾಡುತ್ತಿರುತ್ತವೆ. ಬಂಗಾರದ ಬಣ್ಣ, ಬೆಳ್ಳಿ, ಗುಲಾಬಿ, ಕತ್ತಲಲ್ಲಿ ಹೊಳೆಯುವ ಹಸಿರು. ಕೆಲಸಕ್ಕೆಂದು ಮಿನಿಯಾಪೊಲಿಸ್ ಕಡೆ ಬಂದು ನೆಲೆಸಿದ ನಮ್ಮವರಲ್ಲಿ ಯಾರಾದರೂ ಒಬ್ಬರು ಪ್ರತಿ ಚಳಿಗಾಲ ಆ ಗೋಡೆಯ ಮುಂದೆ ನಿಂತು "ಯಾವುದು ತಗೊಳ್ಳಲಿ?" ಅಂತ ಫೋನ್ ಮಾಡುತ್ತಾರೆ. ಆಫೀಸಿನ ಗೆಳೆಯ ಶನಿವಾರ ಐಸ್ ಮೇಲೆ ಮೀನು ಹಿಡಿಯಲು ಕರೆದಿರುತ್ತಾನೆ. ಐಸಿನಲ್ಲಿ ತೂತು ಕೊರೆದು, ಲೂರನ್ನು ಎತ್ತಿ ಇಳಿಸಿ ಆಡಿಸಿ (ಇದಕ್ಕೇ ಜಿಗ್ಗಿಂಗ್ ಅನ್ನುವುದು) ವಾಲೈ ಎಂಬ ಮೀನು ಹಿಡಿಯುವ ಬಗ್ಗೆ ಅವರಿಗೆ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಹತ್ತಾರು ಲೂರ್ ಬೇಡ. ಎರಡು ಕೆಲಸಕ್ಕೆ ಲೂರ್ ಬೇಕು. ಒಂದು, ದೂರದಲ್ಲಿರುವ ಮೀನನ್ನು ತೂತಿನ ಹತ್ತಿರಕ್ಕೆ ಕರೆಯಬೇಕು. ಇನ್ನೊಂದು, ಹತ್ತಿರ ಬಂದು ಸುಮ್ನೆ ನೋಡುತ್ತಾ ನಿಂತ ಮೀನಿನ ಬಾಯಿ ತೆರೆಸಬೇಕು. ಇವೆರಡೂ ಬೇರೆ ಬೇರೆ ಕೆಲಸ. ಅಂಗಡಿಯ ಗೋಡೆಯನ್ನು ಈ ಕಣ್ಣಿನಲ್ಲಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮೀನಿನ ಸ್ವಭಾವ

ವಾಲೈ ಮಿನ್ನೆಸೋಟಾದ ರಾಜ್ಯ ಮೀನು; 1965ರಿಂದ ಆ ಪಟ್ಟ. ಇದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮತ್ತೆ ಹಿಂದಕ್ಕೆ ಚಿಮ್ಮಿಸುವ ಒಂದು ಪದರ ಇದೆ. ಹಾಗಾಗಿ ಮಬ್ಬು ಬೆಳಕಿನಲ್ಲಿ ಇದಕ್ಕೆ ಚೆನ್ನಾಗಿ ಕಾಣುತ್ತದೆ, ಅದು ಬೇಟೆಯಾಡುವ ಪರ್ಚ್ ಮೀನಿಗೆ ಅಷ್ಟು ಕಾಣುವುದಿಲ್ಲ. ಆ ಹೊತ್ತಿನಲ್ಲೇ ಇದು ಊಟಕ್ಕೆ ಹೊರಡುತ್ತದೆ: ಸೂರ್ಯ ಮುಳುಗುವ ಹಿಂದಿನ ಮುಂದಿನ ಒಂದೊಂದು ಗಂಟೆ, ಮತ್ತೆ ಬೆಳಗಿನ ಜಾವ. ಡಿಸೆಂಬರಿನಲ್ಲಿ ಉತ್ತರ ಮಿನ್ನೆಸೋಟಾದಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಮೂರು ಗಂಟೆಯೊಳಗೆ ತೂತು ಕೊರೆದು, ಸದ್ದು ಮುಗಿಸಿ ಕೂತಿರಬೇಕು. ಐದಕ್ಕೆ ಬಂದು ಐಸ್ ಕೊರೆಯುವ ಆಗರ್ ಓಡಿಸಿದರೆ ಕಚ್ಚುತ್ತಿದ್ದ ಮೀನೂ ದೂರ ಹೋಗುತ್ತದೆ, ಪಕ್ಕದವರು ಬೈದುಕೊಳ್ಳುವುದು ಬೇರೆ.

ಕಣ್ಣಿನ ಜೊತೆಗೆ ಮೈಯ ಎರಡೂ ಬದಿಯಲ್ಲಿ ಉದ್ದಕ್ಕೆ ಹೋಗುವ ಗೆರೆಯಿಂದ ನೀರಿನ ಕಂಪನವನ್ನೂ ಇದು ಹಿಡಿಯುತ್ತದೆ. ನೀರು ಕದಡಿದ್ದಾಗ ಗಿಲಕಿ ಇರುವ ಲೂರ್ ಕೆಲಸ ಮಾಡುವುದು ಇದರಿಂದಲೇ. ಇನ್ನೊಂದು ವಿಷಯ: ವಾಲೈ ತನಗಿಂತ ಮೇಲೆ ಇರುವುದನ್ನು ತಿನ್ನಲು ಏಳುತ್ತದೆ, ಕೆಳಗೆ ಇರುವುದಕ್ಕೆ ಇಳಿಯುವುದು ಕಮ್ಮಿ. ಲೂರ್ ಯಾವಾಗಲೂ ಮೀನಿಗಿಂತ ಒಂದು ಗೇಣು ಮೇಲಿರಲಿ.

ಹೊರಡುವ ಮುನ್ನ

ಐಸ್ ವಿಷಯದಲ್ಲಿ ಧೈರ್ಯ ತೋರಿಸಬೇಡಿ. ನಡೆದು ಹೋಗಲು ಗಟ್ಟಿಯಾದ, ತಿಳಿಯಾದ ಹೊಸ ಐಸ್ ಕನಿಷ್ಠ 4 ಇಂಚು ಬೇಕು ಅಂತ ಮಿನ್ನೆಸೋಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಹಿಮ ಬೆರೆತ ಬಿಳಿ ಐಸ್ ಆದರೆ ಅದರ ಎರಡರಷ್ಟು. ಕಾರು, ಟ್ರಕ್ಕಿಗೆ ಬೇರೆ ಲೆಕ್ಕ. ಅವನ್ನು ಕೆರೆ ದಂಡೆಯ ರೆಸಾರ್ಟಿನವರನ್ನು ಕೇಳಿಯೇ ಇಳಿಸಿ. ಬಿದ್ದರೆ ಐಸಿಗೆ ಚುಚ್ಚಿ ಮೇಲೇಳುವ ಐಸ್ ಪಿಕ್ ಜೋಡಿ ಕುತ್ತಿಗೆಯಲ್ಲಿ ನೇತಾಡುತ್ತಿರಲಿ. ಚೀಲದೊಳಗೆ ಇದ್ದರೆ ಪ್ರಯೋಜನ ಇಲ್ಲ. ಟೆಂಟಿನೊಳಗೆ ಪ್ರೊಪೇನ್ ಹೀಟರ್ ಹಚ್ಚುವುದಾದರೆ ಗಾಳಿಕಿಂಡಿ ತೆರೆದಿಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಅದಕ್ಕೊಂದು ಅಲಾರಂ ಇಟ್ಟುಕೊಳ್ಳಿ.

ಲೈಸೆನ್ಸ್ ಬೇಕು. ಎಷ್ಟು ಮೀನು ಇಟ್ಟುಕೊಳ್ಳಬಹುದು, ಯಾವ ಉದ್ದದ್ದನ್ನು ಬಿಡಬೇಕು ಅನ್ನುವುದು ಕೆರೆಯಿಂದ ಕೆರೆಗೆ ಬೇರೆ. ಮಿಲ್ಲೆ ಲ್ಯಾಕ್ಸ್ ಕೆರೆಯನ್ನು ರಾಜ್ಯ ಮತ್ತು ಒಜಿಬ್ವೆ ಬುಡಕಟ್ಟುಗಳು ಸೇರಿ ನಿಭಾಯಿಸುತ್ತಾರೆ, ಅಲ್ಲಿ ನಿಯಮ ಆಗಾಗ ಬದಲಾಗುತ್ತದೆ. ಹೋಗುವ ವಾರವೇ ಇಲಾಖೆಯ ಪುಟ ನೋಡಿ. ಮಿನ್ನೆಸೋಟಾದಲ್ಲಿ ಐಸ್ ಮೇಲೆ ಒಬ್ಬರಿಗೆ ಎರಡು ಗಾಳ ಬಿಡಲು ಅವಕಾಶ ಇದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಂತ 1: ಲೂರ್ ಜಾತಿಗಳನ್ನು ಗುರುತಿಸಿ

*ಸ್ಪೂನ್.* ಒಂದೇ ಒಂದು ಲೂರ್ ಕೊಳ್ಳುವ ದುಡ್ಡಿದ್ದರೆ ಇದನ್ನೇ ಕೊಳ್ಳಿ. ಲೋಹದ ಪಟ್ಟಿ, ಕೆಳಗೆ ಮೂರು ಮುಳ್ಳಿನ ಟ್ರೆಬಲ್ ಹುಕ್. ಇದರಲ್ಲೇ ಎರಡು ಬಗೆ. ತೆಳ್ಳಗೆ, ಅಗಲವಾಗಿ ಇರುವುದು ಅರಳಿ ಎಲೆ ಮರದಿಂದ ಕಳಚಿ ಬೀಳುವ ಹಾಗೆ ಅತ್ತಿತ್ತ ಓಲಾಡಿಕೊಂಡು ನಿಧಾನವಾಗಿ ಇಳಿಯುತ್ತದೆ. ದಪ್ಪಗೆ, ಗಿಡ್ಡಕ್ಕೆ ಇರುವುದು ನೇರವಾಗಿ ಇಳಿಯುತ್ತದೆ. ಓಲಾಡುವುದು ಆಳ ಕಮ್ಮಿ ಇರುವ ಕಡೆಗೆ, ನೇರ ಇಳಿಯುವುದು ಆಳದ ಕಡೆಗೆ. ಮಿಷಿಗನ್ನಿನ ಗ್ಲಾಡ್‌ಸ್ಟನ್‌ನಲ್ಲಿ ತಯಾರಾಗುವ ಸ್ವೀಡಿಷ್ ಪಿಂಪಲ್ ತೀರಾ ಹಳೆಯ ಕಾಲದ ಸ್ಪೂನ್, ಇವತ್ತಿಗೂ ಮೀನು ಹಿಡಿಯುತ್ತದೆ. ನಾರ್ತ್‌ಲ್ಯಾಂಡ್ ಕಂಪನಿಯ ಬಕ್‌ಶಾಟ್ ಸ್ಪೂನಿಗೆ ಬೆನ್ನ ಮೇಲೊಂದು ಗಿಲಕಿ ಕೊಳವೆ ಇರುತ್ತದೆ. ಕಂದು ಬಣ್ಣದ ನೀರಿನಲ್ಲಿ ನನ್ನ ಕೈ ಮೊದಲು ಹೋಗುವುದು ಅದಕ್ಕೇ.

*ಈಜುವ ಲೂರ್.* ರಪಾಲಾ ಕಂಪನಿಯ ಜಿಗ್ಗಿಂಗ್ ರ‍್ಯಾಪ್ ಇದರಲ್ಲಿ ಹೆಸರುವಾಸಿ. ಪುಟ್ಟ ಮೀನಿನ ಆಕಾರ, ಮೂತಿಗೊಂದು ಬಾಲಕ್ಕೊಂದು ಒಂಟಿ ಮುಳ್ಳು, ಹೊಟ್ಟೆಯ ಕೆಳಗೆ ಟ್ರೆಬಲ್, ಹಿಂದೆ ಪ್ಲಾಸ್ಟಿಕ್ ರೆಕ್ಕೆ. ಬೆನ್ನ ಮೇಲಿನ ಕಂಬಿ ಬಳೆಗೆ ದಾರ ಸೇರಿಸುತ್ತೇವೆ. ಮೇಲಕ್ಕೆ ಎಳೆದು ಬಿಟ್ಟರೆ ನೇರ ಬೀಳುವುದಿಲ್ಲ. ಪಕ್ಕಕ್ಕೆ ಜಾರಿ, ಸುತ್ತು ಹಾಕಿ, ಮತ್ತೆ ತೂತಿನ ಕೆಳಕ್ಕೆ ಬರುತ್ತದೆ. ಕರೆಯುವ ಕೆಲಸಕ್ಕೆ ಇದು ಬಹಳ ಒಳ್ಳೆಯದು. ವಾಲೈಗೆ 5ನೇ ನಂಬರ್, ಅಂದರೆ ಸುಮಾರು 2 ಇಂಚಿನದು, ಅಥವಾ 7ನೇ ನಂಬರ್, ಸುಮಾರು 2¾ ಇಂಚಿನದು. ಪುಟ್ಟ ಕೆರೆಗಳಲ್ಲಿ 5 ಸಾಕು. ಈರೀ ಸರೋವರದ ಪಶ್ಚಿಮ ಭಾಗದಂಥ, ದೊಡ್ಡ ಮೀನು ಓಡಾಡುವ ಕಡೆ 7 ಅಥವಾ ಅದಕ್ಕಿಂತ ದೊಡ್ಡದು.

*ನಡುಗುವ, ಗಿಲಕಿ ತುಂಬಿದ ಲೂರ್.* ಚಪ್ಪಟೆ ಮೈ, ಒಳಗೆ ಗುಂಡುಗಳು. ಎತ್ತಿದಾಗ ಮೈಯೆಲ್ಲ ನಡುಗಿ, ಆ ನಡುಕ ರಾಡಿನ ಹಿಡಿಯವರೆಗೆ ಬರುತ್ತದೆ. ರಪಾಲಾದ ರಿಪ್ಪಿನ್ ರ‍್ಯಾಪ್ ಈ ಜಾತಿಯದು. ಕೆನಡಾದ ಮ್ಯಾನಿಟೋಬಾದಲ್ಲಿರುವ ವಿನ್ನಿಪೆಗ್ ಸರೋವರದ ಕಲಕು ನೀರಿನಲ್ಲಿ, ಹಸಿರು ಬೆನ್ನಿನ ದೊಡ್ಡ ವಾಲೈಗೆ ಜನ ಇದನ್ನೇ ಜಾಸ್ತಿ ಇಳಿಸುತ್ತಾರೆ. ತಿಳಿ ನೀರಿನ ಸಣ್ಣ ಕೆರೆಯಲ್ಲಿ ಇಷ್ಟು ಗಲಾಟೆ ಮಾಡಿದರೆ ಬಂದ ಮೀನೂ ಹಿಂದಕ್ಕೆ ಹೋಗಬಹುದು.

*ಸಾದಾ ಜಿಗ್.* ಗುಂಡು ತಲೆ, ಒಂದು ಕೊಕ್ಕೆ, ಅಷ್ಟೇ. ನೋಡಲು ಏನೂ ಇಲ್ಲ. ಬಾಯಿ ತೆರೆಸುವ ಕೆಲಸಕ್ಕೆ ಇದು ಬೇಕೇಬೇಕು.

ಮೊದಲ ಸಲಕ್ಕೆ ನನ್ನ ಪಟ್ಟಿ ಇಷ್ಟು: ಗಿಲಕಿ ಇರುವ ಸ್ಪೂನ್ ಒಂದು, ಗಿಲಕಿ ಇಲ್ಲದ ಓಲಾಡುವ ಸ್ಪೂನ್ ಒಂದು, ಜಿಗ್ಗಿಂಗ್ ರ‍್ಯಾಪ್ 5 ಒಂದು, ಸಾದಾ ಜಿಗ್ ನಾಲ್ಕು. ನಡುಗುವ ಲೂರ್ ಮುಂದಿನ ವರ್ಷಕ್ಕಿರಲಿ.

ಹಂತ 2: ತೂಕ ನೋಡಿ, ಬಣ್ಣ ಆಮೇಲೆ

ಅಂಗಡಿಯಲ್ಲಿ ಎಲ್ಲರೂ ಬಣ್ಣ ನೋಡುತ್ತಾರೆ. ನಾನು ಪೊಟ್ಟಣದ ಹಿಂದಿರುವ ಔನ್ಸ್ ನೋಡುತ್ತೇನೆ. ಲೂರ್ ಎಷ್ಟು ಬೇಗ ಇಳಿಯುತ್ತದೆ, ದಾರ ಎಷ್ಟು ಬಿಗಿಯಾಗಿ ನಿಲ್ಲುತ್ತದೆ, ಮೀನು ಮುಟ್ಟಿದ್ದು ಕೈಗೆ ಗೊತ್ತಾಗುತ್ತದೋ ಇಲ್ಲವೋ ಎಲ್ಲಕ್ಕೂ ತೂಕವೇ ಕಾರಣ.

10ರಿಂದ 15 ಅಡಿ ಆಳಕ್ಕೆ 1/8 ಔನ್ಸ್, ಅಂದರೆ ಸುಮಾರು 3.5 ಗ್ರಾಂ. 20ರಿಂದ 30 ಅಡಿಗೆ 1/4 ಔನ್ಸ್, ಸುಮಾರು 7 ಗ್ರಾಂ. ಅದಕ್ಕಿಂತ ಆಳ, ಇಲ್ಲವೇ ನೀರಿನ ಸೆಳೆತ ಇದ್ದರೆ 3/8. ತೀರಾ ಹಗುರವಾದರೆ ಚಳಿಗೆ ಸುರುಳಿಯಾದ ದಾರ ನೇರವೇ ಆಗುವುದಿಲ್ಲ. ಮೀನು ಕಚ್ಚಿ ಉಗುಳಿ ಹೋಗಿರುತ್ತದೆ, ನಿಮಗೆ ಸುದ್ದಿಯೇ ಬರುವುದಿಲ್ಲ. ತೀರಾ ಭಾರವಾದರೆ ಸ್ಪೂನಿನ ಓಲಾಟ ಸತ್ತುಹೋಗುತ್ತದೆ. ಮೀನು ಬಂದು ನೋಡಿ ಕಚ್ಚದೆ ಹೋಗುತ್ತಿದ್ದರೆ ಬಣ್ಣ ಬದಲಿಸುವ ಮೊದಲು ಒಂದು ಮೆಟ್ಟಿಲು ಹಗುರಕ್ಕೆ ಇಳಿಯಿರಿ.

ಕೆರೆಯ ಆಳ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಅಪ್ಪರ್ ರೆಡ್ ಲೇಕ್‌ನಲ್ಲಿ ಹೆಚ್ಚಿನ ಕಡೆ 15 ಅಡಿಯೂ ಇಲ್ಲ, ಅಲ್ಲಿ 1/8 ಸಾಕು. ಮಿಲ್ಲೆ ಲ್ಯಾಕ್ಸ್‌ನಲ್ಲಿ ಚಳಿಗಾಲದ ನಡುವೆ ಕೆಸರು ದಿಬ್ಬಗಳ ಅಂಚಿನಲ್ಲಿ 25-35 ಅಡಿ ಆಳಕ್ಕೆ ಇಳಿಸಬೇಕಾಗುತ್ತದೆ, ಅಲ್ಲಿ 1/4 ಇಲ್ಲದೆ ಆಗದು. ಋತುವಿನ ಜೊತೆಗೂ ಮೀನು ಜಾಗ ಬದಲಿಸುತ್ತದೆ. ಐಸ್ ಹೊಸದಾಗಿ ಕಟ್ಟಿದಾಗ ದಡದ ಹತ್ತಿರ, ಜೊಂಡಿನ ಅಂಚಿನಲ್ಲಿ ಇರುತ್ತದೆ. ಜನವರಿಗೆ ಆಳಕ್ಕೆ ಹೋಗುತ್ತದೆ. ಮೊಟ್ಟೆಯಿಡುವ ಕಾಲ ಹತ್ತಿರವಾದಂತೆ ಮತ್ತೆ ಹೊಳೆ ಬಂದು ಸೇರುವ ಕಡೆಗೆ ತಿರುಗುತ್ತದೆ.

ಬಣ್ಣದ ವಿಷಯ ಎರಡೇ ಮಾತು. ನೀರು ತಿಳಿಯಾಗಿದ್ದರೆ ಬೆಳ್ಳಿ ಅಥವಾ ಪರ್ಚ್ ಮೀನಿನ ಪಟ್ಟೆ. ನೀರು ಚಹಾ ಬಣ್ಣಕ್ಕಿದ್ದರೆ ಬಂಗಾರ, ಗುಲಾಬಿ, ಹೊಳೆಯುವ ಹಸಿರು. ಲೇಕ್ ಆಫ್ ದಿ ವುಡ್ಸ್‌ನಲ್ಲಿ ಬಂಗಾರ ಇಲ್ಲದ ಡಬ್ಬಿ ನೋಡಲು ಸಿಗುವುದಿಲ್ಲ. ಮಿಲ್ಲೆ ಲ್ಯಾಕ್ಸ್‌ನಲ್ಲಿ 2005ರಲ್ಲಿ ಜೀಬ್ರಾ ಮಸೆಲ್ ಎಂಬ ಹೊರಗಿನ ಚಿಪ್ಪುಜೀವಿ ಕಾಣಿಸಿಕೊಂಡಿತು. ಅದು ನೀರನ್ನು ಸೋಸುತ್ತದೆ, ಆಮೇಲೆ ಅಲ್ಲಿಯ ನೀರು ತಿಳಿಯಾಗುತ್ತಾ ಬಂತು. ಹಳಬರು ಹೇಳುವ ಬಣ್ಣಗಳು ಅಲ್ಲಿ ಈಗಲೂ ನಡೆಯಬೇಕೆಂದೇನಿಲ್ಲ. ಹೊಳೆಯುವ ಬಣ್ಣಕ್ಕೆ ಪುಟ್ಟ ಯುವಿ ಟಾರ್ಚ್ ಹಿಡಿದು ಬೆಳಕು ತುಂಬಬೇಕು. ಕೆಲವು ಸೆಕೆಂಡ್ ಸಾಕು. ಹೊಳಪು ಇಳಿದಾಗ ಮತ್ತೆ ಹಿಡಿಯಿರಿ.

ಹಂತ 3: ರಾಡ್, ರೀಲ್, ದಾರ

ರಾಡ್ 28ರಿಂದ 36 ಇಂಚು. ಟೆಂಟಿನೊಳಗೆ ಕೂರುವವರಿಗೆ ಗಿಡ್ಡದು, ಹೊರಗೆ ನಿಲ್ಲುವವರಿಗೆ ಉದ್ದದ್ದು. ರಾಡಿನ ಬಿಗುವು ಸ್ಪೂನಿಗೆ ಮೀಡಿಯಂ-ಲೈಟ್, ಜಿಗ್ಗಿಂಗ್ ರ‍್ಯಾಪ್ ಮತ್ತು ನಡುಗುವ ಲೂರಿಗೆ ಮೀಡಿಯಂ. ತುದಿ ಚುರುಕಾಗಿರಬೇಕು. ರೀಲ್ ಚಿಕ್ಕ ಸ್ಪಿನ್ನಿಂಗ್ ರೀಲ್, 1000 ಸೈಜ್ ಆದರೆ ಆಯಿತು.

ದಾರದಲ್ಲಿ ಆಯ್ಕೆ ಇದೆ. ಹೊರಗೆ, ಗಾಳಿಯಲ್ಲಿ ಕೂರುವುದಾದರೆ 6-8 ಪೌಂಡ್ ಭಾರ ತಡೆಯುವ ಮೊನೊ, ಅಂದರೆ ಒಂಟಿ ಎಳೆಯ ದಾರ ಹಾಕಿ. ಹೆಣೆದ ಬ್ರೇಡ್ ದಾರ ನೀರು ಹೀರಿ ಹೊರಗಿನ ಚಳಿಗೆ ತಂತಿಯಂತೆ ಸೆಟೆದುಕೊಳ್ಳುತ್ತದೆ. ಬೆಚ್ಚಗಿನ ಟೆಂಟಿನೊಳಗೆ 8-10 ಪೌಂಡಿನ ಬ್ರೇಡ್ ಚೆನ್ನ. ಅದು ಎಳೆದರೆ ಹಿಗ್ಗುವುದಿಲ್ಲ, 30 ಅಡಿ ಕೆಳಗಿನ ಸಣ್ಣ ಮುಟ್ಟುವಿಕೆಯೂ ಕೈಗೆ ಬರುತ್ತದೆ. ಆದರೆ ಬ್ರೇಡಿನ ತುದಿಗೆ ಲೂರನ್ನು ನೇರವಾಗಿ ಕಟ್ಟಬೇಡಿ. ನಡುವೆ ಫ್ಲೋರೋಕಾರ್ಬನ್ ದಾರದ ಒಂದು ತುಂಡು ಬೇಕು. ಅದು ನೀರಿನಲ್ಲಿ ಅಷ್ಟು ಕಾಣುವುದಿಲ್ಲ, ಐಸ್ ಅಂಚಿಗೆ ಉಜ್ಜಿದರೂ ಬೇಗ ಹರಿಯುವುದಿಲ್ಲ.

ಹಂತ 4: ಮನೆಯ ಟೇಬಲ್ ಮೇಲೆ ಕಟ್ಟಿ ಮುಗಿಸಿ

ಮೈನಸ್ 20 ಡಿಗ್ರಿಯಲ್ಲಿ ಗ್ಲೌಸ್ ತೆಗೆದು ಗಂಟು ಹಾಕುವುದು ಯಾರಿಗೂ ಬೇಡ. ಹಿಂದಿನ ರಾತ್ರಿ ಊಟ ಮುಗಿಸಿ, ಒಳ್ಳೆಯ ದೀಪದ ಕೆಳಗೆ ಕೂತು ಎಲ್ಲವನ್ನೂ ಕಟ್ಟಿ. ಈ ಕೆಲಸಕ್ಕೆ ಅರ್ಧ ಗಂಟೆ ಕೊಡಿ.

ಮೊದಲು ಸ್ಪೂನ್ ರಾಡ್. ಸ್ಪೂನ್ ಇಳಿಯುವಾಗ ಗಿರಗಿರ ತಿರುಗುತ್ತದೆ, ದಾರವೂ ಹುರಿಗೊಳ್ಳುತ್ತದೆ. ಸಂಜೆಯ ಹೊತ್ತಿಗೆ ರೀಲಿನಿಂದ ದಾರ ಸುರುಳಿ ಸುರುಳಿಯಾಗಿ ಉದುರುತ್ತದೆ. ಇದನ್ನು ತಡೆಯಲು ನಡುವೆ ಸ್ವಿವೆಲ್, ಅಂದರೆ ಎರಡು ತುದಿಯೂ ಬೇರೆ ಬೇರೆಯಾಗಿ ತಿರುಗುವ ಪುಟ್ಟ ಕೊಂಡಿ ಹಾಕಬೇಕು. ಸಿಗುವುದರಲ್ಲೇ ಚಿಕ್ಕ, ಕಪ್ಪು ಬಣ್ಣದ ಬ್ಯಾರೆಲ್ ಸ್ವಿವೆಲ್ ತಗೊಳ್ಳಿ. ಅದರ ಒಂದು ಕಿವಿಗೆ, ಅಂದರೆ ದಾರ ಕಟ್ಟುವ ಬಳೆಗೆ, ರೀಲಿನ ದಾರ. ಇನ್ನೊಂದು ಕಿವಿಗೆ 18ರಿಂದ 24 ಇಂಚು ಉದ್ದದ, 8 ಪೌಂಡಿನ ಫ್ಲೋರೋಕಾರ್ಬನ್. ಇದಕ್ಕಿಂತ ಉದ್ದ ಇಟ್ಟರೆ ಸ್ವಿವೆಲ್ ರಾಡ್ ತುದಿಗೆ ಬಂದು ಸಿಕ್ಕಿಕೊಂಡಾಗ ಮೀನು ಇನ್ನೂ ಐಸಿನ ಕೆಳಗೇ ಒದ್ದಾಡುತ್ತಿರುತ್ತದೆ. ಉದ್ದದ ತುಂಡೇ ಬೇಕು ಅನ್ನುವವರು ಸ್ವಿವೆಲ್ ಬಿಟ್ಟು, ಬ್ರೇಡಿಗೂ ಫ್ಲೋರೋಗೂ ಜೋಡಿ ಯೂನಿ ಗಂಟು ಹಾಕಬಹುದು; ಅದು ರಾಡಿನ ಉಂಗುರಗಳಲ್ಲಿ ನುಸುಳುತ್ತದೆ. ಹುರಿ ತಡೆಯುವ ಲಾಭ ಮಾತ್ರ ಇರುವುದಿಲ್ಲ.

ಗಂಟಿಗೆ ಪಾಲೊಮಾರ್ ಒಂದನ್ನು ಕಲಿತರೂ ಆಗುತ್ತದೆ. ದಾರದ ತುದಿಯನ್ನು ಸುಮಾರು 6 ಇಂಚು ಮಡಚಿ ಜೋಡಿ ಮಾಡಿ. ಮಡಚಿದ ತುದಿಯನ್ನು ಕಿವಿಯೊಳಗೆ ತೂರಿಸಿ. ಜೋಡಿ ದಾರದಲ್ಲೇ ಒಂದು ಸಾದಾ ಗಂಟು ಹಾಕಿ, ಬಿಗಿಯಬೇಡಿ. ಈಗ ತುದಿಯಲ್ಲಿ ಉಳಿದ ಕುಣಿಕೆಯೊಳಗೆ ಕೊಕ್ಕೆ ಅಥವಾ ಸ್ನ್ಯಾಪ್ (ತೆರೆದು ಮುಚ್ಚುವ ಪುಟ್ಟ ಕೊಂಡಿ) ಪೂರ್ತಿ ದಾಟಿ ಬರಲಿ. ಎಂಜಲು ಹಚ್ಚಿ ಒದ್ದೆ ಮಾಡಿ, ಎರಡೂ ಬದಿಯಿಂದ ನಿಧಾನವಾಗಿ ಎಳೆಯಿರಿ. ಒಣ ದಾರ ಎಳೆದರೆ ಉಜ್ಜಿ ಬಿಸಿಯಾಗಿ ಅಲ್ಲೇ ಸವೆಯುತ್ತದೆ. ಉಳಿದ ಬಾಲ ಕತ್ತರಿಸಿ. ಆಮೇಲೆ ಕೊಕ್ಕೆಯನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಜೋರಾಗಿ ಜಗ್ಗಿ ನೋಡಿ. ಬಿಚ್ಚುವುದಿದ್ದರೆ ಟೇಬಲ್ ಮೇಲೇ ಬಿಚ್ಚಲಿ.

ಸ್ಪೂನಿನ ಮೇಲ್ತುದಿಯಲ್ಲಿ ಕೀ ಗೊಂಚಲಿನ ಬಳೆಯಂಥ ಪುಟ್ಟ ಸ್ಪ್ಲಿಟ್ ರಿಂಗ್ ಇದ್ದರೆ ಅದಕ್ಕೇ ಕಟ್ಟಿ. ಬರೀ ತೂತಿದ್ದರೆ ಸ್ನ್ಯಾಪ್ ಹಾಕಿ. ಲೋಹದ ತೂತಿಗೆ ನೇರ ಗಂಟು ಹಾಕಿದರೆ ಓಲಾಟ ಕಮ್ಮಿಯಾಗುತ್ತದೆ, ದಾರವೂ ಕೊಯ್ದುಕೊಳ್ಳುತ್ತದೆ.

ಜಿಗ್ಗಿಂಗ್ ರ‍್ಯಾಪಿಗೆ ನೇರ ಗಂಟು ಬೇಡವೇ ಬೇಡ. ಅದರ ಬೆನ್ನಿನ ಕಂಬಿ ಬಳೆಯಲ್ಲಿ ಗಂಟು ಸ್ವಲ್ಪ ಪಕ್ಕಕ್ಕೆ ಜಾರಿದರೂ ಲೂರ್ ಮೂತಿ ಎತ್ತಿಯೋ ಇಳಿಸಿಯೋ ನೇತಾಡುತ್ತದೆ, ಸುತ್ತು ಹಾಕುವುದಿಲ್ಲ. ದುಂಡು ತುದಿಯ ಚಿಕ್ಕ ಸ್ನ್ಯಾಪನ್ನು ಪಾಲೊಮಾರ್ ಗಂಟಿನಿಂದ ದಾರಕ್ಕೆ ಕಟ್ಟಿ, ಅದನ್ನು ಬಳೆಗೆ ಸಿಕ್ಕಿಸಿ. ಲೂರನ್ನು ಎತ್ತಿ ಹಿಡಿದು ನೋಡಿ: ನೆಲಕ್ಕೆ ಸಮವಾಗಿ ನಿಂತಿರಬೇಕು. ಹಿಂದಿನ ರೆಕ್ಕೆಯನ್ನೂ ಮೆಲ್ಲಗೆ ಅಲ್ಲಾಡಿಸಿ ನೋಡಿ. ಐಸಿಗೆ ಬಡಿದು ಅದು ಕಿತ್ತುಬರುವುದು ಸಾಮಾನ್ಯ. ಸಡಿಲ ಇದ್ದರೆ ಒಂದು ಹನಿ ಸೂಪರ್ ಗ್ಲೂ ಹಾಕಿ ಒಣಗಲು ಬಿಡಿ. ರೆಕ್ಕೆ ಇಲ್ಲದ ರ‍್ಯಾಪ್ ಬರೀ ತೂಕದ ಕಲ್ಲು.

ಕೊಕ್ಕೆ ಚೂಪು ನೋಡಲು ಅದನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಕಚ್ಚಿ ನಿಂತರೆ ಸರಿ, ಜಾರಿದರೆ ಅರದಿಂದ ಉಜ್ಜಿ ಅಥವಾ ಬದಲಿಸಿ. ಅಗ್ಗದ ಸ್ಪೂನಿನ ಜೊತೆ ಬರುವ ಟ್ರೆಬಲ್ ಹೆಚ್ಚಾಗಿ ಮೊಂಡು. 1/8 ಔನ್ಸ್ ಸ್ಪೂನಿಗೆ 10 ಅಥವಾ 8ನೇ ನಂಬರ್, 1/4ಕ್ಕೆ 8 ಅಥವಾ 6. ಇಲ್ಲಿ ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು, ಅಂಗಡಿಯಲ್ಲಿ ತಪ್ಪಬೇಡಿ. ಮೀನು ತೀರಾ ಅಂಜುವ ದಿನಗಳಿಗೆ ಇನ್ನೊಂದು ಉಪಾಯ ಇದೆ. ಸ್ಪೂನಿನ ಟ್ರೆಬಲ್ ಕಳಚಿ, ಆ ಜಾಗದಲ್ಲಿ ಒಂದೆರಡು ಇಂಚು ಉದ್ದದ ಸಣ್ಣ ಸರಪಳಿ, ಅದರ ತುದಿಗೆ ಒಂಟಿ ಕೊಕ್ಕೆ. ಮೇಲಿನ ಸ್ಪೂನ್ ಕರೆಯುತ್ತದೆ, ಕೆಳಗಿನ ಕೊಕ್ಕೆ ಸದ್ದಿಲ್ಲದೆ ನೇತಾಡುತ್ತದೆ.

ಹಂತ 5: ಮಿನ್ನೋ ತಲೆ ಸಿಕ್ಕಿಸುವುದು

ಬರೀ ಲೋಹಕ್ಕೆ ವಾಲೈ ಕಚ್ಚುವುದುಂಟು. ವಾಸನೆ, ರುಚಿ ಸೇರಿದರೆ ಕಚ್ಚಿದ್ದನ್ನು ಬೇಗ ಉಗುಳುವುದಿಲ್ಲ. ಅದಕ್ಕೇ ಸ್ಪೂನಿನ ಕೊಕ್ಕೆಗೆ ಮಿನ್ನೋ ಎಂಬ ಪುಟಾಣಿ ಮೀನಿನ ತಲೆ ಸಿಕ್ಕಿಸುತ್ತಾರೆ. ಅಂಗಡಿಯಲ್ಲಿ ಫ್ಯಾಟ್‌ಹೆಡ್ ಅಥವಾ ಶೈನರ್ ಅಂತ ಕೇಳಿದರೆ ಅಳತೆ ಲೋಟದಲ್ಲಿ ಕೊಡುತ್ತಾರೆ. ಬೇರೆ ರಾಜ್ಯದಿಂದ ಜೀವಂತ ಮಿನ್ನೋ ಮಿನ್ನೆಸೋಟಾಕ್ಕೆ ತರುವುದು ಕಾನೂನಿಗೆ ವಿರುದ್ಧ, ಅಲ್ಲೇ ಕೊಳ್ಳಿ.

ಕಿವಿರಿನ ಹಿಂದೆಯೇ ಹೆಬ್ಬೆರಳು, ತೋರುಬೆರಳಿನ ಉಗುರಿನಿಂದ ಒತ್ತಿ ತಲೆ ಚಿವುಟಿ. ಚಾಕು ಬೇಡ. ಚಿವುಟಿದಾಗ ಸ್ವಲ್ಪ ಕರುಳು ಜೊತೆಗೆ ನೇತಾಡುತ್ತದೆ, ಅದು ಇರಲಿ. ವಾಸನೆ ಬಿಡುವುದೇ ಅದು. ಟ್ರೆಬಲ್ಲಿನ ಮೂರು ಮುಳ್ಳಿನಲ್ಲಿ ಒಂದನ್ನು ಕೆಳದವಡೆಯಿಂದ ಮೇಲಕ್ಕೆ ಚುಚ್ಚಿ, ತಲೆಬುರುಡೆಯ ಮೇಲೆ ತುದಿ ಕಾಣುವ ಹಾಗೆ ತನ್ನಿ. ಉಳಿದ ಎರಡು ಮುಳ್ಳು ಖಾಲಿ ಇರಬೇಕು. ಹೊಸಬರು ಎರಡೆರಡು ತಲೆ ಸಿಕ್ಕಿಸಿ ಮುಳ್ಳನ್ನೆಲ್ಲ ಮುಚ್ಚಿಬಿಡುತ್ತಾರೆ. ಆಮೇಲೆ ಮೀನು ತಿಂದು ಹೋಗುತ್ತದೆ, ಸಿಕ್ಕುವುದಿಲ್ಲ. ಜಿಗ್ಗಿಂಗ್ ರ‍್ಯಾಪಿಗೆ ಸಿಕ್ಕಿಸುವುದಿದ್ದರೆ ಹೊಟ್ಟೆಯ ಟ್ರೆಬಲ್ಲಿಗೆ, ಅದೂ ತೀರಾ ಚಿಕ್ಕ ತಲೆ. ದೊಡ್ಡದಾದರೆ ಈಜಾಟ ಕೆಡುತ್ತದೆ. ನಡುಗುವ ಲೂರನ್ನು ಖಾಲಿಯೇ ಇಳಿಸಿ.

ತಲೆ ಬಿಳಚಿಕೊಂಡು ಮೆತ್ತಗಾದರೆ ಬದಲಿಸಿ. ಮೀನು ತಿನ್ನುವವರಿಗೂ ಕೆಲವರಿಗೆ ಈ ಚಿವುಟುವ ಕೆಲಸ ಆಗುವುದಿಲ್ಲ, ಅದರಲ್ಲಿ ನಾಚಿಕೆ ಏನೂ ಇಲ್ಲ. ಅಂಥವರಿಗೆ ವಾಸನೆ ಸೇರಿಸಿದ ಮೆತ್ತನೆಯ ಪ್ಲಾಸ್ಟಿಕ್ ಮಿನ್ನೋ ಸಿಗುತ್ತದೆ. ಫಲ ಸ್ವಲ್ಪ ಕಮ್ಮಿ, ಆದರೆ ಕೆಲಸ ನಡೆಯುತ್ತದೆ.

ಹಂತ 6: ಆಡಿಸುವುದು

ವಾಲೈಗೆ 8 ಇಂಚಿನ ತೂತು ಸಾಕು, ದೊಡ್ಡ ಮೀನಿನ ಕೆರೆಯಾದರೆ 10. ಲೂರನ್ನು ಕೆಳಗೆ ಬಿಡುವ ಮೊದಲು ಐಸಿನ ಕೆಳಗೆ ಎರಡು ಅಡಿಯಲ್ಲಿ, ಕಣ್ಣಿಗೆ ಕಾಣುವಷ್ಟರಲ್ಲಿ, ಎತ್ತಿ ಬಿಟ್ಟು ನೋಡಿ. ಎಷ್ಟು ಎತ್ತಿದರೆ ಎಷ್ಟು ಓಲಾಡುತ್ತದೆ, ನಿಂತ ಮೇಲೆ ಎಷ್ಟು ಹೊತ್ತು ತಿರುಗುತ್ತದೆ? ಇದನ್ನು ನೋಡಿಕೊಂಡರೆ 25 ಅಡಿ ಕೆಳಗೆ ಏನಾಗುತ್ತಿದೆ ಎನ್ನುವುದು ಕೈಗೆ ತಿಳಿಯುತ್ತದೆ. ಬಹಳ ಜನ ಇದನ್ನು ಮಾಡುವುದೇ ಇಲ್ಲ.

ಶಬ್ದದ ಅಲೆಯಿಂದ ನೀರಿನೊಳಗಿನದನ್ನು ತೋರಿಸುವ ಸೋನಾರ್ ಫ್ಲಾಷರ್ ಇದ್ದರೆ ಆಟವೇ ಬೇರೆ. ಇದರಲ್ಲಿ ವೆಕ್ಸಿಲಾರ್, ಮಾರ್ಕಮ್ ಹೆಸರಾದ ಕಂಪನಿಗಳು. ದುಂಡು ಪರದೆಯ ಮೇಲೆ ನೆಲ ದಪ್ಪ ಕೆಂಪು ಪಟ್ಟಿಯಾಗಿ, ನಿಮ್ಮ ಲೂರ್ ತೆಳು ಗೆರೆಯಾಗಿ ಕಾಣುತ್ತದೆ. ಇನ್ನೊಂದು ಗೆರೆ ನೆಲದಿಂದ ಬಿಡಿಸಿಕೊಂಡು ಮೇಲೆದ್ದರೆ ಅದು ಮೀನು. ಕೊಳ್ಳುವುದು ದುಬಾರಿ. ಮೊದಲ ವರ್ಷ ಗೆಳೆಯರದ್ದೋ ಬಾಡಿಗೆಯದ್ದೋ ಆಗಲಿ.

ಕರೆಯುವ ಆಟ ಹೀಗೆ: ಲೂರ್ ನೆಲ ಮುಟ್ಟಲಿ. ಎರಡು ಮೂರು ಸಲ ನೆಲಕ್ಕೆ ಕುಟ್ಟಿ, ಕೆಸರು ಏಳಲಿ. ಒಂದು ಅಡಿ ಮೇಲೆ ತನ್ನಿ. ಅಲ್ಲಿಂದ ಎರಡು ಅಡಿ ಚುರುಕಾಗಿ ಎತ್ತಿ, ದಾರ ಪೂರ್ತಿ ಸಡಿಲವೂ ಅಲ್ಲ ಬಿಗಿಯೂ ಅಲ್ಲ ಅನ್ನುವ ಹಾಗೆ ಬೀಳಲು ಬಿಡಿ. ಹೀಗೆ ಎರಡು ಮೂರು ಸಲ. ಆಮೇಲೆ ನಿಲ್ಲಿಸಿ. ಐದರಿಂದ ಹತ್ತು ಸೆಕೆಂಡ್ ಅಲ್ಲಾಡಿಸಬೇಡಿ. ವಾಲೈ ಕಚ್ಚುವುದು ಬಹುಪಾಲು ಈ ನಿಂತ ಹೊತ್ತಿನಲ್ಲೇ. ಕೈ ಸುಮ್ಮನಿರಲಾರದವರು ಮನಸ್ಸಿನಲ್ಲೇ ಎಣಿಸಿ.

ನಡುಗುವ ಲೂರಿಗೆ ಎರಡು ಅಡಿ ಬೇಡ. ಒಂದು ಅಡಿ, ಒಂದೂವರೆ ಅಡಿ, ಹಿಡಿಯಲ್ಲಿ ನಡುಕ ಬರುವಷ್ಟು ಎತ್ತಿ, ಇಳಿಸಿ, ನಿಲ್ಲಿಸಿ.

ಪರದೆಯಲ್ಲಿ ಮೀನು ಬಂತು ಅನ್ನಿ. ಇಲ್ಲಿ ಕೆಲಸ ಬದಲಾಗುತ್ತದೆ. ದೊಡ್ಡ ಎತ್ತುವಿಕೆ ಸಾಕು ಮಾಡಿ. ತುದಿ ಮಾತ್ರ ನಡುಗುವಷ್ಟು ಅಲ್ಲಾಡಿಸಿ, ನಿಲ್ಲಿಸಿ. ನೋಡುತ್ತಲೇ ನಿಂತಿದ್ದರೆ ಅರ್ಧ ಅಡಿ ಮೆಲ್ಲಗೆ ಮೇಲಕ್ಕೆ ತನ್ನಿ. ಹಿಂದೆ ಬಂತೇ? ಇನ್ನೂ ಅರ್ಧ ಅಡಿ. ಹಿಂಬಾಲಿಸುತ್ತಿರುವ ಮೀನಿನ ಹತ್ತಿರಕ್ಕೆ ಲೂರನ್ನು ಇಳಿಸಬೇಡಿ. ತಾನು ಬೆನ್ನಟ್ಟುವ ಪುಟ್ಟ ಮೀನು ತಾನಾಗಿ ತನ್ನ ಬಾಯಿಯತ್ತ ಬರುವುದು ವಾಲೈಗೆ ಗೊತ್ತಿಲ್ಲ, ಅದು ತಿರುಗಿ ಹೋಗುತ್ತದೆ. ಎರಡು ಮೂರು ಮೀನು ಹೀಗೆ ಬಂದು ಕಚ್ಚದೆ ಹೋದರೆ ಆಟ ಸರಿಯಿದೆ, ಲೂರ್ ದೊಡ್ಡದಾಯಿತು ಅಂತ ಅರ್ಥ. ಚಿಕ್ಕದಕ್ಕೆ, ಸದ್ದಿಲ್ಲದ್ದಕ್ಕೆ ಹೋಗಿ.

ಕಚ್ಚುವುದು ಯಾವಾಗಲೂ ಟಕ್ ಎಂದು ಬರುವುದಿಲ್ಲ. ಎಷ್ಟೋ ಸಲ ಮುಂದಿನ ಸಲ ಎತ್ತಲು ಹೋದಾಗ ಏನೋ ಭಾರ. ಇನ್ನು ಕೆಲವೊಮ್ಮೆ ಮೀನು ಕಚ್ಚಿಕೊಂಡು ಮೇಲಕ್ಕೇ ಬರುತ್ತದೆ, ದಾರ ಇದ್ದಕ್ಕಿದ್ದಂತೆ ಸಡಿಲ. ಎರಡಕ್ಕೂ ಉತ್ತರ ಒಂದೇ, ಕೂಡಲೇ ಎತ್ತಿ. ಬ್ರೇಡ್ ಆದರೆ ಮಣಿಕಟ್ಟಿನ ಸಣ್ಣ ಎಳೆತ ಸಾಕು, ಮೊನೊ ಹಿಗ್ಗುವುದರಿಂದ ತೋಳನ್ನೇ ಎತ್ತಬೇಕು.

ಎರಡನೇ ಗಾಳ

ಎರಡು ಗಾಳಕ್ಕೆ ಅವಕಾಶ ಇದೆ ಅಂದೆನಲ್ಲ. ಆಡಿಸುವ ತೂತಿನಿಂದ ಆರರಿಂದ ಹತ್ತು ಅಡಿ ದೂರದಲ್ಲಿ ಇನ್ನೊಂದು ತೂತು. ಅದರಲ್ಲಿ ಮೆತ್ತನೆ ತುದಿಯ ರಾಡ್, ಸಾದಾ ಜಿಗ್ ಅಥವಾ ಬರೀ ಕೊಕ್ಕೆ, ಒಂದು ಅಡಿ ಮೇಲೆ ಸೀಸದ ಸಣ್ಣ ಗುಂಡು. ಬೆನ್ನಿನ ರೆಕ್ಕೆಯ ಕೆಳಗೆ ಮೆಲ್ಲಗೆ ಚುಚ್ಚಿದ ಜೀವಂತ ಮಿನ್ನೋ, ನೆಲದಿಂದ ಒಂದು ಅಡಿ ಮೇಲೆ. ಇದನ್ನು ಮುಟ್ಟಬೇಡಿ, ಮಿನ್ನೋ ತಾನೇ ಆಡುತ್ತದೆ. ನಿಮ್ಮ ಸ್ಪೂನಿನ ಸದ್ದಿಗೆ ಬಂದು, ಅದನ್ನು ನೋಡಿ ಅನುಮಾನಪಟ್ಟ ಮೀನು ಪಕ್ಕದ ಈ ಸುಮ್ಮನಿರುವ ಊಟಕ್ಕೆ ಬಾಯಿ ಹಾಕುತ್ತದೆ. ರಾಡಿನ ತುದಿ ಬಾಗಿ ಬಾಗಿಯೇ ಉಳಿದರೆ ಎತ್ತಿ. ಬರೀ ಟುಕುಟುಕು ಅಂದರೆ ಅದು ಮಿನ್ನೋನದೇ ಗಾಬರಿ. ಅಂದರೆ ಮೀನು ಹತ್ತಿರದಲ್ಲಿದೆ.

ಮೇಲೆ ತರುವಾಗ

ಹೆಚ್ಚು ಮೀನು ತಪ್ಪುವುದು ಕೊನೆಯ ಎರಡು ಅಡಿಯಲ್ಲಿ. ಜಿಗ್ಗಿಂಗ್ ರ‍್ಯಾಪಿನ ಮೂತಿ ಮುಳ್ಳು ಐಸಿನ ಕೆಳ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೀನು ಒಂದು ಸಲ ತಲೆ ಕೊಡವಿದರೆ ಮುಗಿಯಿತು. ಐಸಿನ ಕೆಳಗೆ ಎರಡು ಅಡಿ ಇದ್ದಾಗ ನಿಲ್ಲಿಸಿ. ರಾಡ್ ತುದಿ ತೂತಿನ ನಡುವೆ ಇರಲಿ, ದಾರ ಅಂಚಿಗೆ ಉಜ್ಜಬಾರದು. ಮೀನಿನ ಮೂತಿ ತೂತಿಗೆ ನೇರವಾದಾಗ ಒಂದೇ ಸಮ ಎತ್ತಿ. ಇದರ ಹಲ್ಲು ಚೂಪು, ಕಿವಿರಿನ ಮುಚ್ಚಳವೂ ಕೊಯ್ಯುತ್ತದೆ. ಬಾಯಿಗೆ ಬೆರಳು ಹಾಕದೆ ಇಕ್ಕಳದಿಂದ ಕೊಕ್ಕೆ ಬಿಡಿಸಿ.

30 ಅಡಿಗಿಂತ ಆಳದಿಂದ ಎಳೆದ ಮೀನಿನ ಗಾಳಿಚೀಲ ಒತ್ತಡ ಇಳಿದು ಉಬ್ಬುತ್ತದೆ. ಅಂಥದ್ದನ್ನು ಬಿಟ್ಟರೂ ಬದುಕುವ ನಂಬಿಕೆ ಕಮ್ಮಿ. ಬರೀ ಹಿಡಿದು ಬಿಡುವ ಖುಷಿಗಾದರೆ ಅಷ್ಟು ಆಳದಲ್ಲಿ ಕೂರಬೇಡಿ. ಇಟ್ಟುಕೊಳ್ಳುವುದಾದರೆ 14ರಿಂದ 18 ಇಂಚಿನದು ರುಚಿ. ಮಾಂಸ ಬಿಳಿ, ವಾಸನೆ ಕಮ್ಮಿ, ಫಿಲೆ ಮಾಡಿದರೆ ಮುಳ್ಳು ಹೆಚ್ಚು ಕಾಡುವುದಿಲ್ಲ. ಇಲ್ಲಿಯವರು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುತ್ತಾರೆ. ಬ್ಯಾಡಗಿ ಮೆಣಸಿನ ಮಸಾಲೆ ಸವರಿ ರವೆ ಹಚ್ಚಿ ತವಾದಲ್ಲಿ ಹುರಿದರೆ ಏನಾಗುತ್ತದೆ ಅಂತ ಮಂಗಳೂರು ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಆಗಾಗ ಕೇಳುವ ತಾಪತ್ರಯಗಳು

ರಾಡಿನ ಉಂಗುರಗಳಲ್ಲಿ ಐಸ್ ಕಟ್ಟಿದರೆ ಬಡಿದು ಬಿಡಿಸಬೇಡಿ, ಉಂಗುರ ಬಿರಿಯುತ್ತದೆ. ಬೆರಳಲ್ಲಿ ಒತ್ತಿ ಹಿಡಿದು ಕರಗಿಸಿ, ಅಥವಾ ರಾಡಿನ ತುದಿಯನ್ನು ತೂತಿನ ನೀರಿನಲ್ಲಿ ಅದ್ದಿ. ಕೆರೆಯ ನೀರು ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತದೆ.

ದಾರ ಏನನ್ನೂ ಕಚ್ಚಿಸಿಕೊಳ್ಳದೆ ತುಂಡಾಗಿ ಬಂದರೆ, ಅದೂ ನುಣ್ಣಗೆ ಕತ್ತರಿಸಿದ ಹಾಗಿದ್ದರೆ, ಕೆಳಗೆ ಹಲ್ಲಿನಿಂದ ದಾರ ಕತ್ತರಿಸುವ ಪೈಕ್ ಮೀನು ಬಂದಿದೆ ಅಂತ. ವಾಲೈಗೆ ತಂತಿ ಲೀಡರ್, ಅಂದರೆ ಲೂರಿನ ಮುಂದೆ ಕಟ್ಟುವ ಲೋಹದ ತಂತಿ, ಬೇಕಿಲ್ಲ. ಪೈಕ್ ಪದೇ ಪದೇ ಬಂದರೆ ತೂತು ಬದಲಿಸುವುದು ಲೂರಿನ ದುಡ್ಡಿಗಿಂತ ಅಗ್ಗ.

ಒಂದೇ ತೂತಿನಲ್ಲಿ ಅರ್ಧ ಗಂಟೆ ಕರೆದರೂ ಪರದೆ ಖಾಲಿ ಇದ್ದರೆ ಲೂರನ್ನು ಬೈಯಬೇಡಿ. ಅಲ್ಲಿ ಮೀನಿಲ್ಲ. ಬೆಳಕಿರುವಾಗಲೇ ಬೇರೆ ಬೇರೆ ಆಳದಲ್ಲಿ ನಾಲ್ಕಾರು ತೂತು ಕೊರೆದಿಟ್ಟುಕೊಂಡರೆ ಸಂಜೆ ಆಗರಿನ ಸದ್ದಿಲ್ಲದೆ ಜಾಗ ಬದಲಿಸಬಹುದು.

ಮನೆಗೆ ಬಂದ ಮೇಲೆ ಡಬ್ಬಿಯ ಮುಚ್ಚಳ ತೆರೆದಿಟ್ಟು ಲೂರ್‌ಗಳನ್ನು ರಾತ್ರಿಯಿಡೀ ಒಣಗಿಸಿ. ಕೊಕ್ಕೆಯಲ್ಲಿ ಒಣಗಿ ಅಂಟಿದ ಮಿನ್ನೋ ತುಣುಕುಗಳನ್ನು ಅದಕ್ಕೂ ಮೊದಲು ಕಿತ್ತು ಎಸೆಯಿರಿ, ಇಲ್ಲದಿದ್ದರೆ ಮನೆಯವರೆಲ್ಲ ಸೇರಿ ಆ ಡಬ್ಬಿಯನ್ನು ಗ್ಯಾರೇಜಿಗೆ ಕಳಿಸುತ್ತಾರೆ. ಸ್ಪೂನಿನ ರಾಡಿನಲ್ಲಿ ಲೂರಿನ ಹತ್ತಿರದ ಮೂರು ನಾಲ್ಕು ಇಂಚು ದಾರವನ್ನು ಬೆರಳಲ್ಲಿ ಸವರಿ ನೋಡಿ. ತರಿತರಿ ಅನಿಸಿದರೆ ಅಷ್ಟನ್ನು ಕತ್ತರಿಸಿ, ಆಗಲೇ ಮತ್ತೆ ಕಟ್ಟಿಬಿಡಿ.